ಕರಗಿದಂತೆ ಕಂಡ ನೀರು

ನಮ್ಮ ಮನೆಯಲ್ಲಿ ಕಥೆ ಹೇಳುವವರಿಗಿಂತ ಹೂಂಗುಟ್ಟುವವರಿಗೆ ಬೇಡಿಕೆ ಹೆಚ್ಚಿತ್ತು. ನನ್ನ ಅಜ್ಜಿ ಮಾತಿಗೆ ಕೂತರೆ ಎದುರಿಗೆ ಒಬ್ಬರಾದರೂ ಎರಡು ವಾಕ್ಯಕ್ಕೊಮ್ಮೆ ‘ಹೂಂ’ ಅನ್ನುತ್ತಿರಬೇಕು. ತಪ್ಪಿದರೆ ‘ಏನೇ, ನಿದ್ದೆ ಹೊಡೀತಿದ್ದೀಯಾ?’ ಎಂದು ತೊಡೆ ಚಿವುಟುತ್ತಿದ್ದಳು. ಹಾಗೆ ಚಿವುಟಿಸಿಕೊಂಡು ಬೆಳೆದ ನನಗೆ ಹೂಂ ಅನ್ನುವುದು ಉಸಿರಾಡಿದಷ್ಟೇ ಸಲೀಸು. ಕಿವಿ ಒಂದು ಕಡೆ, ಕೈ ಇನ್ನೊಂದು ಕಡೆ ಇದ್ದರೂ ಬಾಯಿ ತನ್ನ ಪಾಡಿಗೆ ಹೂಂಗುಟ್ಟುತ್ತದೆ. ಅದಕ್ಕೆ ‘ಹೌದು’ ಎಂಬ ಅರ್ಥವೂ ಇದೆ, ‘ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳು’ ಎಂಬ ಅರ್ಥವೂ ಇದೆ. ಇಂಥದೊಂದು ಹೂಂನಿಂದ ಒಬ್ಬ ಹುಡುಗಿಗೆ ಧ್ರುವದ ಸಮುದ್ರದಲ್ಲಿ ಸಿಕ್ಕಿದ್ದ ಒಂದೇ ಒಂದು ಬೇಸಿಗೆಯನ್ನು ನಾನು ಹಾಳು ಮಾಡಿದೆ. ಹೂಂ ಒಂದೇ ಆಗಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲ. ಉಳಿದದ್ದನ್ನು ನಾನು ಎಚ್ಚರವಾಗಿದ್ದುಕೊಂಡೇ ಮಾಡಿದೆ.

ನಾನು ಅಮೆರಿಕದ ಬರ್ಕ್ಲಿಯಲ್ಲಿ, ವಿಶ್ವವಿದ್ಯಾಲಯದ ಒಂದು ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುವವಳು. ಯಾರಾದರೂ ವಿಜ್ಞಾನಿ ಅಂದರೆ ನಾನೇ ತಿದ್ದುತ್ತೇನೆ. ಮಂಡ್ಯದಲ್ಲಿ ಕೆಮಿಸ್ಟ್ರಿ ಓದಿ, ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಎರಡು ವರ್ಷ ಕಬ್ಬಿನ ಹಾಲು ಪರೀಕ್ಷೆ ಮಾಡಿ, ಮದುವೆಯಾಗಿ ಇಲ್ಲಿಗೆ ಬಂದೆ. ಮಗ ಡೇಕೇರ್ ಮುಗಿಸಿ ಸ್ಕೂಲು ಸೇರಿದ ವರ್ಷ ಈ ಕೆಲಸ ಸಿಕ್ಕಿತು. ಅವನು ಕಾಲೇಜು ಮುಗಿಸಿ ಹೊರಟೂ ಹೋದ, ನಾನಿನ್ನೂ ಅದೇ ಸ್ಟೂಲಿನ ಮೇಲೆ ಕೂತಿದ್ದೇನೆ. ಕ್ಯಾಂಪ್‌ಬೆಲ್‌ನಿಂದ ಬರ್ಕ್ಲಿಗೆ, ಅಂದರೆ ಮನೆಯಿಂದ ಎಂಬತ್ತು ಕಿಲೋಮೀಟರು, ದಿನಾ ಹೋಗಿ ಬರುತ್ತೇನೆ ಅಂದರೆ ನಮ್ಮ ಕನ್ನಡ ಕೂಟದ ಹೆಂಗಸರು ನನ್ನನ್ನು ಅನುಕಂಪದಿಂದ ನೋಡುತ್ತಾರೆ. ಅವರ ಅನುಕಂಪ ನನಗೆ ಬೇಕಿಲ್ಲ. ಆ ಸ್ಟೂಲಿನ ಮೇಲೆ ಕೂತಾಗ ನಾನು ಯಾರು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರು ತೆಗೆದ ಅಂಕಿಗಳನ್ನು ಎರಡೆರಡು ಸಲ ನೋಡುವ ನಮ್ಮ ಪ್ರೊಫೆಸರ್, ನನ್ನ ಅಂಕಿಗಳನ್ನು ಒಂದೇ ಸಲ ನೋಡಿ ಮುಂದಕ್ಕೆ ಹೋಗುತ್ತಿದ್ದರು. ನಮ್ಮವರ ಮಾತಿನಲ್ಲಿ ಹೇಳುವುದಾದರೆ ಕೈಗುಣ. ಅಡುಗೆಯಲ್ಲಿ ನನಗೆ ಅದು ಅಷ್ಟಾಗಿ ಇಲ್ಲ, ನೀರಿನಲ್ಲಿ ಇತ್ತು. ಅದರ ಜಂಬವೂ ಇತ್ತು, ಯಾಕೆ ಮುಚ್ಚಿಡಲಿ.

ಆ ಹುಡುಗಿ ನಮ್ಮ ಲ್ಯಾಬಿಗೆ ಪಿಎಚ್.ಡಿ. ಮಾಡಲು ಬಂದಾಗ ಮೊದಲ ದಿನವೇ ಹತ್ತಿರ ಬಂದು, “ಆಂಟಿ, ನೀವು ಕನ್ನಡ ಅಲ್ವಾ? ಅಮ್ಮ ಹೇಳಿದ್ರು” ಅಂದಳು. ಅವಳು ಹುಟ್ಟಿ ಬೆಳೆದದ್ದು ಇಲ್ಲೇ ಹತ್ತಿರದ ಫ್ರೀಮಾಂಟ್‌ನಲ್ಲಿ. ತಾಯಿ ಡಾಕ್ಟರು, ಮೈಸೂರಿನವರು, ಕೂಟದ ಕಾರ್ಯಕ್ರಮಗಳಲ್ಲಿ ನೋಡಿ ಪರಿಚಯ. ಲ್ಯಾಬಿನಲ್ಲಿ ಎಲ್ಲರೂ, ಪ್ರೊಫೆಸರರಿಂದ ಹಿಡಿದು ನೆನ್ನೆ ಸೇರಿದವರವರೆಗೆ, ನನ್ನನ್ನು ಹೆಸರು ಹಿಡಿದೇ ಕರೆಯುತ್ತಾರೆ. ಇವಳೊಬ್ಬಳು ಆಂಟಿ ಅಂದಳು. ನಾನು ಅಲ್ಲಿಗೇ ಕರಗಿಹೋದೆ. ಅವಳ ಕನ್ನಡ ಹರಕು ಮುರುಕು, ನಾಲ್ಕು ಮಾತಿಗೆ ಮೂರು ಇಂಗ್ಲಿಷು. ಆದರೆ ನಾನು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಮಧ್ಯಾಹ್ನ ಇಬ್ಬರೂ ಡಬ್ಬಿ ತೆಗೆದು ಹಂಚಿಕೊಂಡು ತಿನ್ನುತ್ತಿದ್ದೆವು. ನನ್ನ ಡಬ್ಬಿಯ ಹುರುಳಿಕಾಳಿನ ಬಸ್ಸಾರು ಕಂಡರೆ ಅವಳಿಗೆ ಪ್ರಾಣ.

ಅವಳ ಪ್ರಶ್ನೆ ಇದು. ಅಲಾಸ್ಕದ ಉತ್ತರ ತೀರದಲ್ಲಿ ಒಂದು ನದಿ ಸಮುದ್ರ ಸೇರುತ್ತದೆ. ಆ ನದಿಯ ದಡದ ನೆಲ ಎಷ್ಟೋ ಕಾಲದಿಂದ ಹೆಪ್ಪುಗಟ್ಟಿಕೊಂಡಿತ್ತು. ಈಗ ಬಿಸಿ ಹೆಚ್ಚಾಗಿ ಕರಗಿ, ಮಣ್ಣು ಕುಸಿದು ನೀರಿಗೆ ಬೀಳುತ್ತಿದೆ. ಮಣ್ಣಿನ ಸತ್ವವನ್ನೆಲ್ಲ ನದಿ ಹೊತ್ತು ಸಮುದ್ರಕ್ಕೆ ಸುರಿಯುತ್ತದೆ. ಆ ಸತ್ವವನ್ನು ತಿಂದು ಬೆಳೆಯುವುದು ಡಯಾಟಮ್ ಎಂಬ ಪಾಚಿ, ಕಣ್ಣಿಗೆ ಕಾಣದಷ್ಟು ಸಣ್ಣದು. ಮೈಗೆ ಗಾಜಿನಂಥ ಚಿಪ್ಪು ಕಟ್ಟಿಕೊಳ್ಳುತ್ತದಾದ್ದರಿಂದ ಅದಕ್ಕೆ ಸಿಲಿಕ ಬೇಕು, ಮರಳಿನಲ್ಲಿ ಇರುತ್ತದಲ್ಲ, ಅದು. ಪಾಚಿಯನ್ನು ಸಣ್ಣ ಸೀಗಡಿಯಂಥ ಜೀವಿಗಳು ತಿನ್ನುತ್ತವೆ, ಅವನ್ನು ಮೀನು, ಮೀನನ್ನು ಸೀಲು ಎಂಬ ಕಡಲಪ್ರಾಣಿ, ಸೀಲನ್ನು ಹಿಮಕರಡಿ ಮತ್ತು ಅಲ್ಲಿಯ ಜನ. ಹೀಗಿರುವಾಗ ನದಿ ತರುವ ಮಣ್ಣು ಆ ಸಮುದ್ರಕ್ಕೆ ಊಟವೋ, ಇಲ್ಲ ಬೆಳಕನ್ನೇ ಮುಚ್ಚಿಬಿಡುವ ಬರೀ ಕೆಸರೋ? ಊಟವಾದರೆ ಅದು ಎಲ್ಲಿಯವರೆಗೆ ತಲುಪುತ್ತದೆ?

ಅವಳು ಇದನ್ನು ನನಗೆ ಹೇಳಿದ ದಿನ ನಾನು ಜೋರಾಗಿ ನಕ್ಕೆ. “ಅಯ್ಯೋ ಮರಿ, ಇದಕ್ಕೆ ನಮ್ಮ ಕಡೆ ಗೋಡು ಅಂತಾರೆ ಕಣಮ್ಮ. ಕೆರೆ ಬತ್ತಿದಾಗ ತಳದ ಗೋಡು ಎತ್ಕೊಂಡೋಗಿ ಹೊಲಕ್ಕೆ ಹೊಡೀತಾರೆ. ನಿನ್ನ ನದಿ ಸಮುದ್ರಕ್ಕೆ ಗೋಡು ಹೊಡೀತಾ ಇದೆ, ಅಷ್ಟೇಯ” ಅಂದೆ. ಅವಳಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಅವತ್ತಿನಿಂದ ತನ್ನ ಇಡೀ ಪ್ರಾಜೆಕ್ಟಿಗೆ ‘ಗೋಡು’ ಎಂದೇ ಹೆಸರಿಟ್ಟಳು. ಕಂಪ್ಯೂಟರಿನ ಫೋಲ್ಡರಿಗೂ ಅದೇ ಹೆಸರು. ಅಮೆರಿಕದ ಹುಡುಗರೆಲ್ಲ ಬಾಯಿ ತಿರುಚಿ ‘ಗೋಡೂ’ ಅನ್ನುವುದನ್ನು ಕೇಳಿ ನಾನು ಹಿಗ್ಗುತ್ತಿದ್ದೆ.

ಮೊದಲ ಬೇಸಿಗೆ ಅವಳು ಯಾರದೋ ದೋಣಿಯಲ್ಲಿ ಸ್ವಲ್ಪ ದಿನ ಜಾಗ ಗಿಟ್ಟಿಸಿ, ನದಿಯ ಬಾಯಿಯಿಂದ ಹಿಡಿದು ಸಮುದ್ರದ ಒಳಗಿನವರೆಗೆ ನೀರು ತುಂಬಿಸಿಕೊಂಡು ಬಂದಳು. ಒಂದೊಂದು ಜಾಗಕ್ಕೆ ಎರಡೆರಡು ಪ್ಲಾಸ್ಟಿಕ್ ಬಾಟಲಿ, ಒಂದು ಪರೀಕ್ಷೆಗೆ, ಅದರ ಜೋಡಿ ಮುಂದೆ ಬೇಕಾದರೆ ಇರಲಿ ಎಂದು, ಎಲ್ಲ ಹೆಪ್ಪುಗಟ್ಟಿಸಿದ್ದು. ನಮ್ಮ ಫ್ರೀಜರಿಗೆ ಬಂದವು. ಯಂತ್ರ ಖಾಲಿಯಾಗಿ ಅವುಗಳ ಸರದಿ ಬರುವಷ್ಟರಲ್ಲಿ ಮಾರ್ಚ್ ಆಗಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು, ಅದೇ ಈ ಬರಹದ ಮೂಲ. ಉಪ್ಪು ಕಡಿಮೆ, ಸಿಲಿಕ ಹೆಚ್ಚು ಇರುವ ನೀರನ್ನು, ಅಂದರೆ ನದಿ ಬೆರೆತ ನೀರನ್ನು, ಹೆಪ್ಪುಗಟ್ಟಿಸಿದಾಗ ಅದರಲ್ಲಿರುವ ಸಿಲಿಕ ಒಂದಕ್ಕೊಂದು ಕೈಹಿಡಿದುಕೊಂಡು ಗುಂಪಾಗುತ್ತದೆ. ಮಂಜು ಕರಗಿ ನೀರಾದ ಕೂಡಲೇ ಅವು ಕೈ ಬಿಡುವುದಿಲ್ಲ. ಬಿಡುವವರೆಗೆ ಯಂತ್ರಕ್ಕೆ ಅವು ಕಾಣುವುದೂ ಇಲ್ಲ. ಅದಕ್ಕೇ ನಮ್ಮ ಲ್ಯಾಬಿನ ನಿಯಮ: ಇಂಥ ನೀರನ್ನು ಹೊರಗೆ ತೆಗೆದಿಟ್ಟು ಪೂರ್ತಿ ಇಪ್ಪತ್ತನಾಲ್ಕು ಗಂಟೆ ಕಾಯಬೇಕು. ನನಗೆ ಈ ನಿಯಮ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಹೊಸದಾಗಿ ಬಂದವರಿಗೆ ಅದನ್ನು ಹೇಳಿಕೊಡುತ್ತಿದ್ದವಳೇ ನಾನು.

ಆದರೆ ವರ್ಷಗಟ್ಟಲೆ ನನ್ನ ಕೈಗೆ ಬಂದದ್ದು ನಡುಸಮುದ್ರದ ಉಪ್ಪುನೀರು. ಅದು ಎಂಟು ಗಂಟೆ ಕಾದರೂ ಒಂದೇ, ಇಪ್ಪತ್ತನಾಲ್ಕು ಕಾದರೂ ಒಂದೇ. ಹಾಗಾಗಿ ಬೆಳಗ್ಗೆ ತೆಗೆದು ಸಂಜೆ ಯಂತ್ರಕ್ಕೆ ಹಾಕುವ ಅಭ್ಯಾಸ ಬಿದ್ದಿತ್ತು. ಆ ವಾರ ಶನಿವಾರ ಕನ್ನಡ ಕೂಟದ ಯುಗಾದಿ. ಒಬ್ಬಟ್ಟಿನ ಜವಾಬ್ದಾರಿ ನಮ್ಮ ನಾಲ್ಕು ಜನ ಹೆಂಗಸರದು, ಹೂರಣ ರುಬ್ಬಿ ತರುವ ಕೆಲಸ ನನ್ನದು. ಗುರುವಾರ ಬಾಟಲಿಗಳನ್ನು ತೆಗೆದಿಡಬೇಕಿತ್ತು, ಬೇಳೆ ತರಲು ಗ್ರೋಸರಿಗೆ ಹೋಗುವ ಆತುರದಲ್ಲಿ ಮರೆತೆ. ಶುಕ್ರವಾರ ಬೆಳಗ್ಗೆ ಎಂಟಕ್ಕೆ ತೆಗೆದೆ. ಫ್ರೀಜರಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ದಿನ, ಗಂಟೆ ಬರೆದು ಸಹಿ ಹಾಕಿದೆ. ನಾಲ್ಕು ಗಂಟೆಗೆ ಬಾಟಲಿ ಅಲ್ಲಾಡಿಸಿ ನೋಡಿದೆ. ಒಂದು ಹರಳೂ ಇರಲಿಲ್ಲ, ಒಳ್ಳೆ ತಿಳಿನೀರು. ಸೋಮವಾರ ಯಂತ್ರ ಬೇರೆಯವರಿಗೆ ಹೋಗುತ್ತದೆ ಎಂಬುದು ನೆನಪಾಯಿತು. ‘ಏನೂ ಆಗಲ್ಲ ಬಿಡು’ ಎಂದುಕೊಂಡು ಯಂತ್ರಕ್ಕೆ ಹಾಕಿದೆ. ಹೌದು, ಒಂದು ಕ್ಷಣ ಮನಸ್ಸು ಹಿಂಜರಿಯಿತು. ಆ ಒಂದು ಕ್ಷಣವನ್ನು ಆಮೇಲೆ ನೂರು ಸಲ ನೆನೆಸಿಕೊಂಡಿದ್ದೇನೆ. ಅಂಕಿಗಳನ್ನು ಅವಳಿಗೆ ಕಳಿಸಿ, ಬೇಳೆ ಬೇಯಿಸಲು ಮನೆಗೆ ಓಡಿದೆ.

ಶನಿವಾರ ಬೆಳಗ್ಗೆ, ಕೂಟದವರು ಬಾಡಿಗೆಗೆ ಹಿಡಿದಿದ್ದ ಸ್ಕೂಲಿನ ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದೆ. ಮೊಣಕೈವರೆಗೆ ಎಣ್ಣೆ. ಫೋನು ಬಂತು, ಪಕ್ಕದಲ್ಲಿದ್ದವರು ಸ್ಪೀಕರ್ ಹಾಕಿ ಡಬ್ಬಕ್ಕೆ ಒರಗಿಸಿ ಇಟ್ಟರು. ಹುಡುಗಿ. ಅಂಕಿ ನೋಡಿದ್ದಾಳೆ, ಉಸಿರು ಬಿಡದೆ ಮಾತಾಡುತ್ತಿದ್ದಾಳೆ. ಒಂದು ಕಡೆ ಕಾವಲಿಯ ಮೇಲೆ ಒಬ್ಬಟ್ಟು ಸೀಯುತ್ತಿದೆ, ಇನ್ನೊಂದು ಕಡೆ ಮೈಕ್ ಟೆಸ್ಟಿಂಗು. ನಾನು ಹೂಂ, ಹೂಂ ಅನ್ನುತ್ತಲೇ ಇದ್ದೆ. ಅಜ್ಜಿ ಕೇಳಿದ್ದರೆ ಮೆಚ್ಚುತ್ತಿದ್ದಳು. ಅದರ ನಡುವೆ ಎಲ್ಲೋ ಅವಳು, “ಗುರುವಾರಾನೇ ಹೊರಗೆ ತೆಗೆದಿದ್ರಿ ಅಲ್ವಾ ಆಂಟಿ? ಫುಲ್ ಟ್ವೆಂಟಿಫೋರ್ ಅವರ್ಸ್?” ಅಂದಿದ್ದಾಳೆ. ಅದಕ್ಕೂ ನಾನು ಹೂಂ ಅಂದಿದ್ದೇನೆ. ಅವಳ ಮನೆಯಲ್ಲಿ ತಾಯಿ ಹೂಂ ಅಂದರೆ ಹೌದು ಎಂದೇ ಅರ್ಥ. ಕಥೆಗೆ ಹೂಂಗುಟ್ಟುವುದನ್ನು ಅವಳು ನೋಡಿದವಳೇ ಅಲ್ಲ.

ಫೋನು ಇಟ್ಟು ಇನ್ನೆರಡು ಒಬ್ಬಟ್ಟು ತಟ್ಟುವಷ್ಟರಲ್ಲಿ ಆ ಪ್ರಶ್ನೆ ನನ್ನ ತಲೆಗೆ ಹೋಯಿತು. ಸೋಮವಾರ ಹೋದ ತಕ್ಷಣ ಹೇಳಿಬಿಡಬೇಕು ಎಂದುಕೊಂಡೆ. ಸೋಮವಾರ ಹೋದರೆ ಪರೀಕ್ಷೆಯ ಹಾಳೆಯನ್ನು ಅವಳೇ ತುಂಬಿಸಿ ಆಗಿತ್ತು. ‘ಹೊರಗಿಟ್ಟ ಅವಧಿ’ ಎಂಬ ಜಾಗದಲ್ಲಿ ಅವಳ ದುಂಡು ಅಕ್ಷರದಲ್ಲಿ ಇಪ್ಪತ್ತನಾಲ್ಕು ಎಂದಿತ್ತು. ಬೇರೆ ಯಾವ ವಿದ್ಯಾರ್ಥಿಯಾದರೂ ಆ ಹಾಳೆಯನ್ನು ನನ್ನ ಮುಂದಿಟ್ಟು ನನ್ನ ಕೈಯಲ್ಲೇ ಬರೆಸುತ್ತಿದ್ದರು. ಇವಳು ನಮ್ಮವಳು, ನಾನು ಆಂಟಿ. ಬಾಯಿಮಾತೇ ಸಾಕಾಗಿತ್ತು.

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನನ್ನ ತೋಳು ಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿದಳು. ನದಿನೀರು ಸಮುದ್ರದ ಉಪ್ಪುನೀರಿನಲ್ಲಿ ಬೆರೆಯುತ್ತ ಹೋದಂತೆ, ನಡುವೆ ಯಾವುದೂ ಅದನ್ನು ತಿನ್ನದಿದ್ದರೆ, ಸಿಲಿಕ ನೇರ ಗೆರೆಯಲ್ಲಿ ಇಳಿಯಬೇಕು. ಅವಳ ಗೆರೆ ನದಿಯ ಬಾಯಿಯ ಹತ್ತಿರವೇ ಜೋತುಬಿದ್ದಿತ್ತು. “ಲುಕ್ ಆಂಟಿ! ಇಟ್ಸ್ ಬೆಂಡಿಂಗ್! ಯಾರೋ ತಿಂತಾ ಇದ್ದಾರೆ. ಇಲ್ಲೇ, ದಡದಲ್ಲೇ!” ಎಂದು ಕುಣಿದಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಗೋಡು ಸಮುದ್ರಕ್ಕೆ ಬಿದ್ದಲ್ಲೇ, ಕೆಸರುನೀರಿನಲ್ಲೇ ಪಾಚಿ ಅದನ್ನು ತಿಂದು ಮುಗಿಸುತ್ತಿದೆ, ದೂರದಲ್ಲಿ ಸಮುದ್ರದ ಮೇಲಿನ ಹಿಮ ಶುರುವಾಗುವ ಅಂಚಿನವರೆಗೆ ಏನೂ ತಲುಪುತ್ತಿಲ್ಲ. ಯಾರೂ ಹಾಗೆ ಊಹಿಸಿರಲಿಲ್ಲವಂತೆ. ಪ್ರೊಫೆಸರ್ ಬಂದು ನೋಡಿ, ಹುಬ್ಬೇರಿಸಿ, ಅಂಕಿ ತೆಗೆದದ್ದು ಯಾರು ಎಂದು ಕೇಳಿದರು. ನನ್ನ ಹೆಸರು ಹೇಳಿದ ಕೂಡಲೇ ತಲೆಯಾಡಿಸಿ, ಹಾಗಾದರೆ ಸರಿ ಅಂದರು. ನನ್ನ ಬಾಯಿ ಅಲ್ಲಿಗೆ ಮುಚ್ಚಿಹೋಯಿತು. ನಾಚಿಕೆಗೇಡು, ಆದರೆ ನಿಜ: ಆ ‘ಹಾಗಾದರೆ ಸರಿ’ ಕೇಳಿ ನನಗೆ ಖುಷಿಯೂ ಆಯಿತು.

ಆ ಗೆರೆಯನ್ನು ನಂಬಿ ಅವಳು ತನ್ನ ಎರಡನೇ ಬೇಸಿಗೆಯನ್ನು ಬದಲಿಸಿದಳು. ಏಳು ವಾರದ ದೋಣಿ, ಅವಳದೇ ಸ್ವಂತ ಯೋಜನೆ, ಅವಳ ಇಡೀ ಪಿಎಚ್.ಡಿ.ಗೆ ಸಿಗುವುದು ಒಂದೇ ಸಲ. ಮೊದಲು ಅವಳು ಹೋಗಬೇಕು ಎಂದಿದ್ದದ್ದು ಹಿಮದ ಅಂಚಿಗೆ. ಅಲ್ಲಿ ಪಾಚಿ, ಮೀನು, ಸೀಲು ಎಲ್ಲ ಸೇರುತ್ತವೆ. ನದಿಯ ಗೋಡು ಅಲ್ಲಿಯವರೆಗೆ ತಲುಪಿ ಅವನ್ನು ಸಾಕುತ್ತಿದೆಯೇ ಎಂದು ನೋಡುವುದು ಅವಳ ಆಸೆಯಾಗಿತ್ತು. ಈಗ ಅದನ್ನು ಬಿಟ್ಟು ಏಳು ವಾರವನ್ನೂ ನದಿಯ ಬಾಯಿಯ ಕೆಸರಿನಲ್ಲೇ ಕಳೆಯಲು ಅರ್ಜಿ ತಿದ್ದಿದಳು. ಹಿಮದ ಅಂಚು ವರ್ಷ ವರ್ಷ ಹಿಂದಕ್ಕೆ ಸರಿಯುತ್ತಿದೆ, ಇನ್ನೊಮ್ಮೆ ಅಲ್ಲಿಗೆ ಹೋಗಲು ಆಗುತ್ತೋ ಇಲ್ಲವೋ ಎಂದು ಅವಳೇ ಹೇಳಿದ್ದಳು. ಅವಳ ತಾಯಿ ನಮ್ಮನ್ನು ಊಟಕ್ಕೆ ಕರೆದರು. “ಇವಳು ಮೂರು ಹೊತ್ತೂ ನಿಮ್ಮ ಜಪಾನೇ ಮಾಡ್ತಾಳೆ ಕಣ್ರೀ. ಎಲ್ಲ ನಿಮ್ಮ ಕೈಗುಣ” ಎಂದು ಎರಡನೇ ಸಲ ಪಾಯಸ ಬಡಿಸಿದರು. ನಾನು ತಲೆ ಬಗ್ಗಿಸಿ ಪಾಯಸ ತಿಂದೆ.

ಏಪ್ರಿಲ್‌ನಲ್ಲಿ, ಅವಳು ಪಾಠ ಮಾಡಲು ಹೋಗುವ ಒಂದು ದಿನ ನೋಡಿಕೊಂಡು, ಫ್ರೀಜರಿನ ತಳದಿಂದ ನದಿಬಾಯಿಯ ನಾಲ್ಕು ಜಾಗಗಳ ಉಳಿದ ಜೋಡಿ ಬಾಟಲಿಗಳನ್ನು ತೆಗೆದೆ. ಈ ಸಲ ಬಾಗಿಲ ಹಾಳೆಯಲ್ಲಿ ಬರೆಯಲಿಲ್ಲ. ಕಪಾಟಿನಲ್ಲಿ ಬಚ್ಚಿಟ್ಟು ಇಪ್ಪತ್ತನಾಲ್ಕು ಗಂಟೆ ಕಾದೆ. ಮಾರನೆಯ ದಿನ ಔಷಧಿ ಬೆರೆಸಿದಾಗ ನೀರು ನೀಲಿಯಾಯಿತು. ಸಿಲಿಕ ಇದ್ದಷ್ಟೂ ನೀಲಿ ಗಾಢ. ಮಾರ್ಚ್‌ನಲ್ಲಿ ತೆಳು ನೀಲಿ ಬಂದಿದ್ದ ಅದೇ ಜಾಗದ ನೀರು ಈಗ ಶಾಯಿಯಷ್ಟು ನೀಲಿ. ಯಂತ್ರ ಬೇಕಾಗಿಯೇ ಇರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಆದರೂ ಅಂಕಿ ತೆಗೆದು, ಅವಳ ಗೆರೆಯ ಮೇಲೆ ಇಟ್ಟು ನೋಡಿದೆ. ಜೋತುಬಿದ್ದ ಗೆರೆ ಸೆಟೆದು ನೇರವಾಯಿತು. ದಡದಲ್ಲಿ ಯಾರೂ ಏನನ್ನೂ ತಿನ್ನುತ್ತಿರಲಿಲ್ಲ.

ನಾನು ಆ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಬಾಟಲಿಗಳನ್ನು ತೊಳೆದು ಶೆಲ್ಫಿನಲ್ಲಿ ಬೋರಲು ಹಾಕಿದೆ. ಚೀಟಿಯನ್ನು ವ್ಯಾನಿಟಿ ಬ್ಯಾಗಿನ ಒಳಜೇಬಿಗೆ ಸೇರಿಸಿ, ಝಿಪ್ಪು ಎಳೆದು ಮನೆಗೆ ಹೊರಟೆ. ರೈಲು ಓಕ್ಲ್ಯಾಂಡ್ ದಾಟುವಾಗ, ಯಾರೂ ನನ್ನನ್ನು ನೋಡದಿದ್ದರೂ, ಬ್ಯಾಗನ್ನು ಎದೆಗೆ ಅವುಚಿಕೊಂಡಿದ್ದೆ.

ಗಂಡನಿಗೆ ಹೇಳಿದೆ. ಅವರು ಹಾಸನದವರು, ಸುತ್ತಿಬಳಸಿ ಮಾತಾಡುವ ಪೈಕಿ ಅಲ್ಲ.

“ಹೇಳ್ಬಿಡೇ ಅತ್ಲಾಗೆ. ನೇಣಿಗೆ ಹಾಕ್ತಾರಾ?”

“ಹೇಳ್ತೀನಿ ರೀ. ಹೇಗೆ ಅಂತ ಯೋಚನೆ ಮಾಡ್ತಿದ್ದೀನಿ.”

“ಅದರಲ್ಲಿ ಯೋಚನೆ ಏನು? ಮರಿ, ತಪ್ಪಾಯ್ತು ಕಣಮ್ಮ ಅನ್ನು. ಎರಡು ನಿಮಿಷದ ಕೆಲಸ.”

ಎರಡು ನಿಮಿಷದ ಕೆಲಸಕ್ಕೆ ನನಗೆ ಏಪ್ರಿಲ್ ಸಾಲಲಿಲ್ಲ, ಮೇ ಸಾಲಲಿಲ್ಲ. ಪ್ರತಿ ವಾರ ಅದು ಇನ್ನಷ್ಟು ಕಷ್ಟವಾಯಿತು. ಮಾರ್ಚ್‌ನಲ್ಲಿ ಹೇಳಿದ್ದರೆ ‘ಅಯ್ಯೋ ಆಂಟಿ’ ಎಂದು ನಗುತ್ತಿದ್ದಳು. ಮೇ ತಿಂಗಳಲ್ಲಿ ಹೇಳಿದರೆ ‘ಇಷ್ಟು ದಿನ ಯಾಕೆ ಹೇಳಲಿಲ್ಲ’ ಎಂದು ಕೇಳುತ್ತಾಳೆ, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಉತ್ತರವಿಲ್ಲದ್ದಕ್ಕೆ ಇನ್ನೊಂದು ವಾರ ತಳ್ಳುತ್ತಿದ್ದೆ. ನನಗೆ ನಾನೇ ಏನೇನೋ ಹೇಳಿಕೊಂಡೆ. ನದಿಬಾಯಿಯಲ್ಲೂ ಏನಾದರೂ ಸಿಕ್ಕೇ ಸಿಗುತ್ತದೆ, ಹುಡುಗಿ ಚುರುಕು. ಕೆಲಸ ಹೋಗುತ್ತದೆ ಎಂಬ ಹೆದರಿಕೆಯೇ ನನಗೆ ಇರಲಿಲ್ಲ, ಹಾಗೆ ಯಾರೂ ತೆಗೆಯುವುದಿಲ್ಲ. ನನಗೆ ಬೇಕಾಗಿದ್ದದ್ದು ಬರೀ ಆ ‘ಹಾಗಾದರೆ ಸರಿ’. ಅಷ್ಟು ಸಣ್ಣ ವಸ್ತುವಿಗೆ ಅವಳ ಅಷ್ಟು ದೊಡ್ಡ ಸಮುದ್ರವನ್ನು ಕೊಟ್ಟುಬಿಟ್ಟೆ. ಜುಲೈ ಮೊದಲ ವಾರ ಅವಳು ಹೊರಟುಹೋದಳು.

ಏಳು ವಾರ ಅವಳ ಮೆಸೇಜುಗಳು ಬಂದವು. ಕಂದು ನೀರು, ಕಂದು ಆಕಾಶ, ಸೊಳ್ಳೆ. ಮೊದಮೊದಲು ಉದ್ದುದ್ದ, ಮೂರನೇ ವಾರದಿಂದ ಗಿಡ್ಡ. ಆಗಸ್ಟ್ ಕೊನೆಗೆ ವಾಪಸು ಬಂದಳು. ಮುಖ ಬಿಸಿಲಿಗೆ ಸುಲಿದಿತ್ತು. ದೋಣಿಯ ಕೆಲಸದ ಬಗ್ಗೆ ಹೆಚ್ಚು ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಮಧ್ಯಾಹ್ನದ ಊಟ ಎಂದಿನಂತೆ ಒಟ್ಟಿಗೇ ನಡೆಯಿತು. ನನ್ನ ಡಬ್ಬಿ ಮೊದಲಿಗಿಂತ ದೊಡ್ಡದಾಗಿತ್ತು, ದಿನಾ ಅವಳಿಗೆ ಇಷ್ಟವಾದದ್ದನ್ನೇ ಮಾಡಿಕೊಂಡು ಹೋಗುತ್ತಿದ್ದೆ. ಕೆಲವು ಸಲ ಅವಳು ತಿನ್ನುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ‘ಏನಮ್ಮ?’ ಅಂದರೆ, ‘ನಥಿಂಗ್ ಆಂಟಿ’.

ಅಕ್ಟೋಬರ್‌ನಲ್ಲಿ ಲ್ಯಾಬಿನ ಮೀಟಿಂಗಿನಲ್ಲಿ ಅವಳು ಎರಡೂ ಬೇಸಿಗೆಯ ಗೆರೆಗಳನ್ನು ಪರದೆಯ ಮೇಲೆ ಹಾಕಿದಳು. ಈ ವರ್ಷದ್ದು ದೋಣಿಯಲ್ಲೇ, ಹೆಪ್ಪುಗಟ್ಟಿಸದೆ, ತಾಜಾ ನೀರಿನಲ್ಲೇ ತೆಗೆದದ್ದು. ರೂಲರ್ ಇಟ್ಟು ಎಳೆದಷ್ಟು ನೇರವಾಗಿತ್ತು. ಪ್ರೊಫೆಸರ್ ಹಳೆಯ ಪರೀಕ್ಷೆಯ ಹಾಳೆ ತರಿಸಿದರು. ಇಪ್ಪತ್ತನಾಲ್ಕು ಎಂಬ ಅಂಕಿಯ ಮೇಲೆ ಬೆರಳಿಟ್ಟು, ಇದು ನಿನ್ನ ಕೈಬರಹವಲ್ಲವೇ, ನೀನೇ ನಿಂತು ನೋಡಿದ್ದೆಯಾ ಎಂದು ಅವಳನ್ನು ಕೇಳಿದರು.

ನಾನು ಅದೇ ಮೇಜಿನ ಇನ್ನೊಂದು ತುದಿಯಲ್ಲಿದ್ದೆ. ಹುಡುಗಿ ನನ್ನ ಕಡೆ ಒಮ್ಮೆ ನೋಡಿದಳು. ನಾನು ಟೀ ಲೋಟದ ಕಡೆ ನೋಡಿದೆ.

ಅವಳು ಇಂಗ್ಲಿಷಿನಲ್ಲಿ, ನನ್ನದೇ ಬರಹ, ನಾನು ನೋಡದೆ ಬರೆದೆ, ತಪ್ಪು ನನ್ನದು ಎಂದು ಹೇಳಿದಳು. ಪ್ರೊಫೆಸರ್ ಬೈಯಲಿಲ್ಲ. ಒಂದು ಹಾಳೆಯನ್ನು ನೋಡದೆ ತುಂಬಿಸಿದ್ದಕ್ಕೆ ಒಂದು ಬೇಸಿಗೆ ಹೋಯಿತು, ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ ಎಂದಷ್ಟೇ ಹೇಳಿದರು. ಎಲ್ಲರೂ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಹೀನ ಕೆಲಸ ಆ ತಲೆಯಾಡಿಸಿದ್ದು.

ಮೀಟಿಂಗ್ ಮುಗಿದ ಮೇಲೆ ಕಾರಿಡಾರಿನಲ್ಲಿ ಅವಳ ಹಿಂದೆ ಓಡಿದೆ. “ಮರಿ, ನಿಂತ್ಕೊ. ಗುರುವಾರ ತೆಗೆದಿರಲಿಲ್ಲ ಕಣಮ್ಮ. ಶುಕ್ರವಾರ ಬೆಳಗ್ಗೆ ತೆಗೆದಿದ್ದು. ಎಂಟೇ ಗಂಟೆ. ತಪ್ಪು ನಂದು” ಅಂದೆ.

“ಗೊತ್ತು ಆಂಟಿ” ಅಂದಳು.

ದೋಣಿಯಲ್ಲಿ ಎರಡನೇ ವಾರವೇ ನೇರ ಗೆರೆ ಕಂಡು ಅವಳಿಗೆ ಅನುಮಾನ ಬಂದಿತ್ತಂತೆ, ಆದರೆ ದೋಣಿಯ ದಾರಿ ಬದಲಿಸುವ ಕಾಲ ಮೀರಿತ್ತು. ಲ್ಯಾಬಿನ ಒಬ್ಬನಿಗೆ ಹೇಳಿ ಫ್ರೀಜರಿನ ಬಾಗಿಲ ಹಾಳೆಯ ಫೋಟೋ ತರಿಸಿಕೊಂಡು ನೋಡಿದ್ದಳು. ಶುಕ್ರವಾರ, ಎಂಟು ಗಂಟೆ, ನನ್ನ ಸಹಿ.

“ಮತ್ತೆ ಒಳಗೆ ಯಾಕಮ್ಮ ಹೇಳಲಿಲ್ಲ?”

“ಎಲ್ಲರ ಮುಂದೆ ಹೇಗೆ ಹೇಳಲಿ? ಯೂ ಆರ್ ಆಂಟಿ. ನೀವೇ ಹೇಳ್ತೀರಾ ಅಂತ ಕಾದೆ. ನಾನು ಬಂದು ಸಿಕ್ಸ್ ವೀಕ್ಸ್ ಆಯ್ತು. ಮರೆತಿದ್ದೀರಾ ಅಂದ್ಕೊಂಡೆ. ಇಟ್ಸ್ ಓಕೆ. ಹಬ್ಬ ಇತ್ತು ಅವತ್ತು, ನೀವು ಬಿಜಿ ಇದ್ರಿ. ನಾನೂ ಚೆಕ್ ಮಾಡ್ಬೇಕಿತ್ತು” ಅಂದಳು. ಅವಳೇ ನನಗೆ ಸಮಾಧಾನ ಹೇಳುತ್ತಿದ್ದಳು.

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಮರೆತ ಆಂಟಿ, ಕ್ಷಮಿಸಿದ ಹುಡುಗಿ. ಇನ್ನೊಮ್ಮೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. “ಬಾ” ಎಂದು ಅವಳ ಕೈ ಹಿಡಿದು ಪ್ರೊಫೆಸರ್ ರೂಮಿಗೆ ಹೋದೆ. ಬ್ಯಾಗಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟು, ಅವಳು ಬರೆದ ಇಪ್ಪತ್ತನಾಲ್ಕು ನನ್ನ ಮಾತು ನಂಬಿ ಬರೆದದ್ದು, ನಿಜವಾಗಿ ಎಂಟು ಗಂಟೆ, ಜೋಡಿ ಬಾಟಲಿಗಳನ್ನು ಸರಿಯಾಗಿ ಕಾದು ಪರೀಕ್ಷಿಸಿದಾಗ ಬಂದ ಅಂಕಿ ಇವು ಎಂದೆ. ಪ್ರೊಫೆಸರ್ ಚೀಟಿಯನ್ನು ಓದಿದರು. ಕೋಪ ಮಾಡಿಕೊಳ್ಳಲಿಲ್ಲ. ಇದನ್ನು ಯಾವಾಗ ಮಾಡಿದಿರಿ ಎಂದು ಮಾತ್ರ ಕೇಳಿದರು.

ಏಪ್ರಿಲ್‌ನಲ್ಲಿ ಎಂದೆ.

ಹುಡುಗಿ ತನ್ನ ಕೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡಳು. ಜೋರಾಗಿ ಅಲ್ಲ, ಮೆಲ್ಲಗೆ. ಪ್ರೊಫೆಸರ್ ಏನೋ ಹೇಳುತ್ತಿದ್ದರು, ಇಬ್ಬರಿಗೂ ಕೇಳಿಸುತ್ತಿರಲಿಲ್ಲ. ಅವಳು ಬೆರಳು ಮಡಿಸಿ ತಿಂಗಳು ಎಣಿಸುತ್ತಿರುವಂತೆ ಕಂಡಿತು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲೇ, ಒಂದೂ ಇಂಗ್ಲಿಷ್ ಪದವಿಲ್ಲದೆ, “ನೀವೇ ನನ್ನನ್ನ ವಿಮಾನಕ್ಕೆ ಬಿಟ್ಟು ಬಂದ್ರಿ” ಅಂದಳು.

ಇದನ್ನು ನಾನು ಮೇಲೆ ಬರೆಯಲಿಲ್ಲ. ಜುಲೈ ಮೊದಲ ವಾರ ಅವಳು ಹೊರಟುಹೋದಳು ಎಂದು ಬರೆದು ಮುಂದಕ್ಕೆ ಹೋದೆ. ಎಲ್ಲ ಒಪ್ಪಿಕೊಳ್ಳಬೇಕೆಂದು ಕೂತವಳಿಗೂ ಅದೊಂದನ್ನು ಬರೆಯಲು ಕೈ ಬರಲಿಲ್ಲ. ಅವತ್ತು ಅವಳ ತಂದೆ ಊರಿನಲ್ಲಿರಲಿಲ್ಲ, ತಾಯಿಗೆ ಆಸ್ಪತ್ರೆಯ ಡ್ಯೂಟಿ. ನಾನೇ ಬಿಡ್ತೀನಿ ಬಿಡಿ ಎಂದು ಮೇಲೆ ಬಿದ್ದು ಒಪ್ಪಿಕೊಂಡೆ. ಬೆಳಗ್ಗೆ ಆರಕ್ಕೆ ಫ್ರೀಮಾಂಟ್‌ಗೆ ಹೋಗಿ ಕರೆದುಕೊಂಡು, ಸೇತುವೆ ದಾಟಿ, ಸ್ಯಾನ್ ಫ್ರಾನ್ಸಿಸ್ಕೊ ಏರ್‌ಪೋರ್ಟಿಗೆ ಹೊರಟೆವು. ದಾರಿಯಲ್ಲೇ ಹೇಳಿಬಿಡಬೇಕು ಎಂದು ನಿಶ್ಚಯ ಮಾಡಿಕೊಂಡೇ ಮನೆ ಬಿಟ್ಟಿದ್ದೆ. ಫ್ರೀವೇ ಖಾಲಿ ಇತ್ತು. ಅವಳು ಮಡಿಲಲ್ಲಿ ನಕ್ಷೆ ಬಿಡಿಸಿಕೊಂಡು, ನದಿಬಾಯಿಯಲ್ಲಿ ದೋಣಿ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಒಂದೊಂದೇ ಚುಕ್ಕಿ ತೋರಿಸುತ್ತಿದ್ದಳು. ಹಿಮದ ಅಂಚಿನ ಮೇಲೆ ಮೊದಲು ಹಾಕಿದ್ದ ಚುಕ್ಕಿಗಳನ್ನು ಪೆನ್ನಿನಿಂದ ಹೊಡೆದು ಹಾಕಿದ್ದಳು. ನಾನು ಎರಡು ಸಲ ಬಾಯಿ ತೆರೆದೆ. ಒಂದು ಸಲ ಚಳಿಗೆ ಟೋಪಿ ಇಟ್ಟುಕೊಂಡಿದ್ದೀಯಾ ಎಂದು ಕೇಳಿದೆ, ಇನ್ನೊಂದು ಸಲ ಉಪ್ಪಿನಕಾಯಿ ಸೋರದಂತೆ ಕಟ್ಟಿದ್ದೇನೆ ಎಂದು ಹೇಳಿದೆ. ಇಳಿದ ಮೇಲೆ ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ಅಮ್ಮ ಹೇಳಿಕೊಟ್ಟಿದ್ದರಂತೆ, ದೊಡ್ಡ ಕೆಲಸಕ್ಕೆ ಹೊರಡುವಾಗ ಹಾಗೆ ಮಾಡಬೇಕು ಎಂದು. ಹಿಂದೆ ಕಾರುಗಳು ಹಾರನ್ ಹೊಡೆಯುತ್ತಿದ್ದವು. ನಾನು ಅವಳ ತಲೆಯ ಮೇಲೆ ಕೈಯಿಟ್ಟು, ಒಳ್ಳೇದಾಗ್ಲಿ ಮಗಳೇ ಅಂದೆ.